ನ್ಯಾಟ್ ದಾಟುವಿಕೆ

ನ್ಯಾಟ್ ದಾಟುವಿಕೆ ಅಥವಾ ನ್ಯಾಟ್ ಟ್ರಾವರ್ಸಲ್ ಎಂಬುದು ಗೃಹ ರೂಟರ್, ಕಚೇರಿ ಜಾಲ ಅಥವಾ ಮೊಬೈಲ್ ಜಾಲದ ಹಿಂದಿರುವ ಎರಡು ಸಾಧನಗಳ ನಡುವೆ ಅಂತರಜಾಲದ ಮೂಲಕ ಧ್ವನಿ ಮತ್ತು ವಿಡಿಯೊ ಕರೆಯಂತಹ ಸಂಪರ್ಕವನ್ನು ಏರ್ಪಡಿಸುವ ತಾಂತ್ರಿಕ ವಿಧಾನಗಳಿಗೆ ಒಟ್ಟಾಗಿ ಇರುವ ಹೆಸರು. ನ್ಯಾಟ್ ಎಂದರೆ ಜಾಲ ವಿಳಾಸ ಪರಿವರ್ತನೆ. ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕ ಸಾಧನಗಳು ಹಂಚಿಕೊಳ್ಳಲು ಇದು ಅವಕಾಶ ನೀಡುತ್ತದೆ. ಆದರೆ ಇದೇ ವ್ಯವಸ್ಥೆಯು ಹೊರಗಿನಿಂದ ತಾನಾಗಿ ಬರುವ ಪ್ಯಾಕೆಟ್‌ಗಳನ್ನು ತಡೆಯುವುದರಿಂದ, ಎರಡು ಮನೆಗಳ ನಡುವೆ ನೇರವಾಗಿ ಕರೆ ಸಾಗುವುದು ಕಷ್ಟವಾಗುತ್ತದೆ. ಇಂದಿನ ಬಹುತೇಕ ಕರೆ ತಂತ್ರಾಂಶಗಳು ಸ್ಟನ್, ಟರ್ನ್ ಮತ್ತು ಐಸ್ ಎಂಬ ಮೂರು ಶಿಷ್ಟತೆಗಳ ಅಥವಾ ಅವುಗಳನ್ನು ಹೋಲುವ ವಿಧಾನಗಳ ನೆರವಿನಿಂದ ಈ ತೊಡಕನ್ನು ಬಳಕೆದಾರರ ಗಮನಕ್ಕೆ ಬಾರದಂತೆಯೇ ನಿವಾರಿಸುತ್ತವೆ.

ಹಿನ್ನೆಲೆ

ಅಂತರಜಾಲದ ನಾಲ್ಕನೆಯ ಆವೃತ್ತಿಯ ಶಿಷ್ಟತೆಯಾದ ಐಪಿವಿ4ರಲ್ಲಿ ವಿಳಾಸವು 32 ಬಿಟ್‌ಗಳಷ್ಟು ಉದ್ದವಿರುತ್ತದೆ. ಆದ್ದರಿಂದ ಒಟ್ಟು ವಿಳಾಸಗಳ ಸಂಖ್ಯೆ 429 ಕೋಟಿಯಷ್ಟು ಮಾತ್ರ. 1990ರ ದಶಕದ ಆರಂಭದಲ್ಲಿಯೇ ಈ ವಿಳಾಸಗಳು ಸಾಲದಾಗುವವೆಂದು ತಂತ್ರಜ್ಞರು ಮನಗಂಡಿದ್ದರು. 1994ರ ಮೇ ತಿಂಗಳಲ್ಲಿ ಕೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಅವರು ಆರ್‌ಎಫ್‌ಸಿ 1631 ಎಂಬ ದಾಖಲೆಯಲ್ಲಿ ವಿಳಾಸ ಪರಿವರ್ತನೆಯನ್ನು ವಿವರಿಸಿದರು. ಅವರು ಇದನ್ನು ದೀರ್ಘಕಾಲಿಕ ಪರಿಹಾರಗಳು ಸಿದ್ಧವಾಗುವವರೆಗಿನ ತಾತ್ಕಾಲಿಕ ಉಪಾಯವೆಂದೇ ಪರಿಗಣಿಸಿದ್ದರು.

1996ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಖಾಸಗಿ ಬಳಕೆಗಾಗಿ ಮೂರು ವಿಳಾಸ ಸಮೂಹಗಳನ್ನು ಮೀಸಲಿರಿಸಿತು. 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು, 172.16ರಿಂದ 172.31ರವರೆಗಿನವು ಹಾಗೂ 192.168ರಿಂದ ಆರಂಭವಾಗುವವು ಇದರಲ್ಲಿ ಸೇರಿವೆ. ಈ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆ ಅಥವಾ ಸಂಸ್ಥೆಯೊಳಗೆ ಬಳಸಬಹುದು. ಆದರೆ ಸಾರ್ವಜನಿಕ ಅಂತರಜಾಲದಲ್ಲಿ ಅವುಗಳಿಗೆ ಬೆಲೆಯಿಲ್ಲ. ಜಾಗತಿಕ ಮಟ್ಟದಲ್ಲಿ ಹಂಚಲು ಉಳಿದಿದ್ದ ಐಪಿವಿ4 ವಿಳಾಸಗಳ ಕೊನೆಯ ಸಮೂಹಗಳನ್ನು 2011ರ ಫೆಬ್ರವರಿ 3ರಂದು ಹಂಚಲಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆಯಾದ ಎಪಿಎನ್‌ಐಸಿ ತನ್ನ ಕೊನೆಯ ಸಮೂಹವನ್ನು ತಲುಪಿತು. ಹೀಗೆ ತಾತ್ಕಾಲಿಕವೆಂದು ಬಂದ ನ್ಯಾಟ್ ಅಂತರಜಾಲದ ಸ್ಥಾಯಿ ಅಂಗವಾಯಿತು.

ಗೃಹ ರೂಟರ್‌ನ ಕಾರ್ಯವಿಧಾನ

ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಒಂದು ಮನೆಯಲ್ಲಿ ಫೈಬರ್ ಸಂಪರ್ಕವಿದೆ ಎಂದು ಊಹಿಸಬಹುದು. ಆ ಮನೆಯ ಮೊಬೈಲ್ ಫೋನಿಗೆ ರೂಟರ್ 192.168.1.5 ಎಂಬ ಖಾಸಗಿ ವಿಳಾಸವನ್ನು ನೀಡಿರುತ್ತದೆ. ಬೆಂಗಳೂರಿನಲ್ಲಿರುವ ಮಗಳ ಮನೆಯ ಲ್ಯಾಪ್‌ಟಾಪಿಗೂ ಅಲ್ಲಿನ ರೂಟರ್ ಇದೇ ವಿಳಾಸವನ್ನು ನೀಡಿರಬಹುದು. ಎರಡೂ ಖಾಸಗಿ ವಿಳಾಸಗಳಾದ್ದರಿಂದ ಇದರಲ್ಲಿ ಘರ್ಷಣೆಯಿಲ್ಲ. ಆದರೆ ಈ ವಿಳಾಸವನ್ನು ಬಳಸಿ ಒಂದು ಮನೆಯಿಂದ ಇನ್ನೊಂದು ಮನೆಯನ್ನು ತಲುಪುವುದೂ ಸಾಧ್ಯವಿಲ್ಲ.

ದೇಶನೂರಿನ ಫೋನು ಹೊರಗಿನ ಸರ್ವರ್ ಒಂದಕ್ಕೆ ಪ್ಯಾಕೆಟ್ ಕಳುಹಿಸಿದಾಗ, ರೂಟರ್ ಅದರಲ್ಲಿನ ಕಳುಹಿಸಿದವರ ವಿಳಾಸವನ್ನು ಅಳಿಸಿ ತನ್ನ ಸಾರ್ವಜನಿಕ ವಿಳಾಸವನ್ನು ಬರೆಯುತ್ತದೆ. ಉದಾಹರಣೆಗೆ, 192.168.1.5ರ 50000ನೆಯ ಪೋರ್ಟಿನಿಂದ ಹೊರಟ ಪ್ಯಾಕೆಟ್ 203.0.113.25ರ 61000ನೆಯ ಪೋರ್ಟಿನಿಂದ ಬಂದಂತೆ ಹೊರಜಗತ್ತಿಗೆ ಕಾಣುತ್ತದೆ. ಈ ಜೋಡಣೆಯನ್ನು ರೂಟರ್ ತನ್ನ ಕೋಷ್ಟಕದಲ್ಲಿ ದಾಖಲಿಸಿಕೊಳ್ಳುತ್ತದೆ. ಸರ್ವರ್‌ನಿಂದ ಉತ್ತರ ಬಂದಾಗ ಕೋಷ್ಟಕವನ್ನು ನೋಡಿ ಅದನ್ನು ಫೋನಿಗೆ ತಲುಪಿಸುತ್ತದೆ. ಕೆಲಕಾಲ ಯಾವ ಪ್ಯಾಕೆಟ್ಟೂ ಸಾಗದಿದ್ದರೆ ದಾಖಲೆ ಅಳಿಸಿಹೋಗುತ್ತದೆ. ಯುಡಿಪಿ ಪ್ಯಾಕೆಟ್‌ಗಳ ವಿಷಯದಲ್ಲಿ ಈ ಅವಧಿ ಎರಡು ನಿಮಿಷಕ್ಕಿಂತ ಕಡಿಮೆಯಿರಬಾರದೆಂದೂ, ಐದು ನಿಮಿಷ ಅಥವಾ ಹೆಚ್ಚು ಇರುವುದು ಲೇಸೆಂದೂ 2007ರ ಆರ್‌ಎಫ್‌ಸಿ 4787 ಹೇಳುತ್ತದೆ. ಎಲ್ಲ ರೂಟರ್‌ಗಳೂ ಇದನ್ನು ಪಾಲಿಸುವುದಿಲ್ಲ. ಆದ್ದರಿಂದ ಕರೆ ತಂತ್ರಾಂಶಗಳು ಕೆಲವು ಸೆಕೆಂಡುಗಳಿಗೊಮ್ಮೆ ಚಿಕ್ಕ ಪ್ಯಾಕೆಟ್‌ಗಳನ್ನು ಕಳುಹಿಸಿ ದಾಖಲೆಯನ್ನು ಜೀವಂತವಾಗಿರಿಸುತ್ತವೆ.

ಕೋಷ್ಟಕದಲ್ಲಿ ದಾಖಲೆಯಿಲ್ಲದ ಪ್ಯಾಕೆಟ್ ಹೊರಗಿನಿಂದ ಬಂದರೆ, ಅದನ್ನು ಮನೆಯ ಯಾವ ಸಾಧನಕ್ಕೆ ಕೊಡಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ. ಅದು ಪ್ಯಾಕೆಟ್ಟನ್ನು ಕೈಬಿಡುತ್ತದೆ.

ಕರೆಗಳಿಗೆ ಎದುರಾಗುವ ತೊಡಕು

ಜಾಲತಾಣವನ್ನು ನೋಡುವಾಗ ಸಂಪರ್ಕವನ್ನು ಆರಂಭಿಸುವುದು ಯಾವಾಗಲೂ ಮನೆಯ ಸಾಧನವೇ. ಆದ್ದರಿಂದ ನ್ಯಾಟ್ ಅಡ್ಡಿಯಾಗುವುದಿಲ್ಲ. ಧ್ವನಿ ಮತ್ತು ವಿಡಿಯೊ ಕರೆಯಲ್ಲಿ ಸ್ಥಿತಿ ಬೇರೆ. ಇಲ್ಲಿ ಎರಡು ಬಗೆಯ ದತ್ತಾಂಶಗಳು ಹರಿಯುತ್ತವೆ. ಮೊದಲನೆಯದು ಸಂಕೇತ ವಿನಿಮಯ: ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆ, ಗಂಟೆ ಬಾರಿಸಬೇಕೆ, ಕರೆ ಸ್ವೀಕೃತವಾಯಿತೆ ಎಂಬ ಸಂದೇಶಗಳು. ಇವು ಸೇವೆಯ ಸರ್ವರ್ ಮೂಲಕ ಸಾಗುತ್ತವೆ. ಎರಡನೆಯದು ಮಾಧ್ಯಮ ದತ್ತಾಂಶ, ಅಂದರೆ ಧ್ವನಿ ಮತ್ತು ಚಿತ್ರ. ವಿಳಂಬ ಕಡಿಮೆಯಾಗಲೆಂದು ಇದನ್ನು ಸಾಧ್ಯವಾದಷ್ಟೂ ಎರಡು ಸಾಧನಗಳ ನಡುವೆ ನೇರವಾಗಿ, ಹೆಚ್ಚಾಗಿ ಯುಡಿಪಿ ಮೂಲಕ ಕಳುಹಿಸಲಾಗುತ್ತದೆ.

ಕರೆಯ ಗಂಟೆ ಬಾರಿಸಿದರೂ, ಎತ್ತಿದ ಮೇಲೆ ಮಾತು ಕೇಳಿಸದಿರುವುದಕ್ಕೆ ಈ ವಿಭಜನೆಯೇ ಕಾರಣ. ಸಂಕೇತಗಳು ಸರ್ವರ್ ಮೂಲಕ ತಲುಪಿರುತ್ತವೆ. ಮಾಧ್ಯಮ ದತ್ತಾಂಶವು ಮಾತ್ರ ರೂಟರ್‌ನ ಹೊಸ್ತಿಲಲ್ಲಿ ನಿಂತಿರುತ್ತದೆ. ಒಂದು ಕಡೆಯ ರೂಟರ್ ಪ್ಯಾಕೆಟ್‌ಗಳನ್ನು ಒಳಬಿಟ್ಟು ಇನ್ನೊಂದು ಕಡೆಯದು ಬಿಡದಿದ್ದರೆ, ಒಬ್ಬರ ಧ್ವನಿ ಮಾತ್ರ ಕೇಳಿಸುವ ಏಕಮುಖ ಕರೆಯಾಗುತ್ತದೆ.

ಆರಂಭಿಕ ಕರೆ ತಂತ್ರಾಂಶಗಳು ಈ ತೊಡಕಿಗೆ ಸಿದ್ಧವಾಗಿರಲಿಲ್ಲ. 1996ರಲ್ಲಿ ರೂಪುಗೊಂಡ ಎಚ್.323 ಮತ್ತು 1999ರಲ್ಲಿ ಪ್ರಕಟವಾದ ಎಸ್‌ಐಪಿ ಶಿಷ್ಟತೆಗಳಲ್ಲಿ ಸಾಧನವು ತನ್ನ ಐಪಿ ವಿಳಾಸವನ್ನು ಸಂದೇಶದ ಒಳಗೇ ಬರೆದು ಕಳುಹಿಸುತ್ತದೆ. ರೂಟರ್ ಪ್ಯಾಕೆಟ್ಟಿನ ಹೊರಗಿನ ವಿಳಾಸವನ್ನು ಬದಲಾಯಿಸಿದರೂ ಒಳಗಿನ ಖಾಸಗಿ ವಿಳಾಸ ಹಾಗೆಯೇ ಉಳಿಯುತ್ತದೆ. ಪತ್ರದ ಲಕೋಟೆಯ ಮೇಲಿನ ವಿಳಾಸ ಸರಿಯಿದ್ದು, ಒಳಗೆ ಬರೆದ ಮರುವಿಳಾಸ ಊರಿನ ಹೆಸರಿಲ್ಲದ ಬರಿಯ ಮನೆಸಂಖ್ಯೆಯಾಗಿದ್ದರೆ ಆಗುವಂತಹ ಸ್ಥಿತಿ ಇದು. ಎಚ್.323 ಆಧಾರಿತ ಮೈಕ್ರೋಸಾಫ್ಟ್ ನೆಟ್‌ಮೀಟಿಂಗ್ ತಂತ್ರಾಂಶವು ನ್ಯಾಟ್ ಹಿಂದೆ ಸರಿಯಾಗಿ ಕೆಲಸ ಮಾಡದಿದ್ದುದಕ್ಕೆ ಇದು ಒಂದು ಮುಖ್ಯ ಕಾರಣ.

ವಿಧಾನಗಳು

ಸ್ಟನ್: ಸಾಧನವೊಂದು ಹೊರಜಗತ್ತಿಗೆ ತಾನು ಯಾವ ವಿಳಾಸದಿಂದ ಕಾಣಿಸಿಕೊಳ್ಳುತ್ತಿದ್ದೇನೆ ಎಂಬುದನ್ನು ತಿಳಿಯುವ ಶಿಷ್ಟತೆ ಇದು. ಸಾಧನವು ಸಾರ್ವಜನಿಕ ಜಾಲದಲ್ಲಿರುವ ಸ್ಟನ್ ಸರ್ವರ್‌ಗೆ ಚಿಕ್ಕ ಪ್ರಶ್ನೆಯನ್ನು ಕಳುಹಿಸುತ್ತದೆ. ಪ್ರಶ್ನೆ ಯಾವ ವಿಳಾಸ ಮತ್ತು ಪೋರ್ಟಿನಿಂದ ಬಂದಿತೆಂಬುದನ್ನು ಸರ್ವರ್ ಉತ್ತರದಲ್ಲಿ ಬರೆದು ಕಳುಹಿಸುತ್ತದೆ. ಸ್ಟನ್‌ಗೆ ಸಾಮಾನ್ಯವಾಗಿ 3478ನೆಯ ಪೋರ್ಟನ್ನು ಬಳಸಲಾಗುತ್ತದೆ. ಇದು ಮೊದಲು 2003ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 3489 ಆಗಿ ಪ್ರಕಟವಾಯಿತು. 2008 ಮತ್ತು 2020ರಲ್ಲಿ ಪರಿಷ್ಕೃತವಾಯಿತು.

ಹೋಲ್ ಪಂಚಿಂಗ್: ಎರಡೂ ಸಾಧನಗಳು ತಮ್ಮ ಸಾರ್ವಜನಿಕ ವಿಳಾಸಗಳನ್ನು ಸಂಕೇತ ಸರ್ವರ್ ಮೂಲಕ ವಿನಿಮಯ ಮಾಡಿಕೊಂಡು, ಹೆಚ್ಚುಕಡಿಮೆ ಏಕಕಾಲದಲ್ಲಿ ಪರಸ್ಪರ ಪ್ಯಾಕೆಟ್ ಕಳುಹಿಸುವ ವಿಧಾನ. ದೇಶನೂರಿನ ಫೋನು ಬೆಂಗಳೂರಿನ ಕಡೆಗೆ ಕಳುಹಿಸಿದ ಮೊದಲ ಪ್ಯಾಕೆಟ್ಟನ್ನು ಅಲ್ಲಿನ ರೂಟರ್ ಕೈಬಿಡಬಹುದು. ಆದರೆ ಅದು ಹೊರಹೋಗುವಾಗ ದೇಶನೂರಿನ ರೂಟರ್‌ನ ಕೋಷ್ಟಕದಲ್ಲಿ ದಾಖಲೆಯೊಂದು ಮೂಡಿರುತ್ತದೆ. ಆಮೇಲೆ ಬೆಂಗಳೂರಿನಿಂದ ಬಂದ ಪ್ಯಾಕೆಟ್, ಹೋದ ಪ್ಯಾಕೆಟ್ಟಿಗೆ ಬಂದ ಉತ್ತರವೆಂಬಂತೆ ಒಳಬರುತ್ತದೆ. ಬ್ರಯನ್ ಫೋರ್ಡ್, ಪೈಡಾ ಶ್ರೀಸುರೇಶ್ ಮತ್ತು ಡಾನ್ ಕೆಗೆಲ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ನ್ಯಾಟ್‌ಗಳಲ್ಲಿ ಸುಮಾರು 82 ಪ್ರತಿಶತ ಯುಡಿಪಿಗೂ ಸುಮಾರು 64 ಪ್ರತಿಶತ ಟಿಸಿಪಿಗೂ ಈ ವಿಧಾನವನ್ನು ಬೆಂಬಲಿಸುತ್ತಿದ್ದವು.

ಉಳಿದವುಗಳಲ್ಲಿ ಇದು ವಿಫಲವಾಗಲು ಮುಖ್ಯ ಕಾರಣ ಸಮಮಿತ ನ್ಯಾಟ್ ಎಂದು ಕರೆಯಲಾಗುವ ಬಗೆ. ಇಂತಹ ರೂಟರ್ ಪ್ರತಿಯೊಂದು ಗಮ್ಯಸ್ಥಾನಕ್ಕೂ ಬೇರೆ ಬೇರೆ ಸಾರ್ವಜನಿಕ ಪೋರ್ಟನ್ನು ನೀಡುತ್ತದೆ. ಸ್ಟನ್ ಸರ್ವರ್‌ಗೆ 61000 ಎಂದು ಕಂಡ ಪೋರ್ಟು, ಬೆಂಗಳೂರಿನ ಕಡೆಗೆ ಹೊರಟಾಗ ಬೇರೊಂದಾಗುತ್ತದೆ. ಹಾಗಾಗಿ ಸ್ಟನ್‌ನಿಂದ ತಿಳಿದ ವಿಳಾಸ ಉಪಯೋಗಕ್ಕೆ ಬಾರದು.

ಟರ್ನ್: ನೇರ ಮಾರ್ಗವು ಸಾಧ್ಯವಾಗದಾಗ ಮಾಧ್ಯಮ ದತ್ತಾಂಶವನ್ನೇ ಮಧ್ಯವರ್ತಿ ಸರ್ವರ್ ಮೂಲಕ ಸಾಗಿಸುವ ಶಿಷ್ಟತೆ. ಎರಡೂ ಸಾಧನಗಳು ಒಳಗಿನಿಂದ ಹೊರಗೆ ಸಂಪರ್ಕ ಮಾಡುವುದರಿಂದ ಬಹುತೇಕ ಎಲ್ಲ ರೂಟರ್‌ಗಳ ಹಿಂದೆಯೂ ಇದು ಕೆಲಸ ಮಾಡುತ್ತದೆ. ಯುಡಿಪಿಯನ್ನು ಪೂರ್ಣವಾಗಿ ತಡೆಯುವ ಕಚೇರಿ ಜಾಲಗಳಲ್ಲಿ ಟಿಸಿಪಿ ಅಥವಾ ಟಿಎಲ್‌ಎಸ್ ಮೂಲಕವೂ ಸಾಗಬಲ್ಲದು. ಪ್ರತಿ ಕರೆಯ ಸಂಪೂರ್ಣ ದತ್ತಾಂಶದ ವೆಚ್ಚವನ್ನು ಸೇವೆ ನಡೆಸುವವರು ಭರಿಸಬೇಕಾಗುವುದು ಇದರ ದೋಷ. ಸರ್ವರ್ ದೂರದ ದೇಶದಲ್ಲಿದ್ದರೆ ವಿಳಂಬವೂ ಹೆಚ್ಚುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ, ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡುಗಳೊಳಗೆ ಇದ್ದರೆ ಹೆಚ್ಚಿನ ಸಂಭಾಷಣೆಗಳಿಗೆ ತೊಂದರೆಯಾಗುವುದಿಲ್ಲ.

ಐಸ್: ಮೇಲಿನ ವಿಧಾನಗಳನ್ನು ಒಂದು ಕ್ರಮಕ್ಕೆ ಒಳಪಡಿಸುವ ಶಿಷ್ಟತೆ. ಪ್ರತಿಯೊಂದು ಸಾಧನವೂ ತನ್ನನ್ನು ತಲುಪಬಹುದಾದ ಎಲ್ಲ ವಿಳಾಸಗಳ ಪಟ್ಟಿಯನ್ನು ಸಿದ್ಧಪಡಿಸುತ್ತದೆ: ತನ್ನ ಖಾಸಗಿ ವಿಳಾಸ, ಸ್ಟನ್ ಮೂಲಕ ತಿಳಿದ ಸಾರ್ವಜನಿಕ ವಿಳಾಸ ಮತ್ತು ಟರ್ನ್ ಸರ್ವರ್‌ನ ವಿಳಾಸ. ಎರಡೂ ಪಟ್ಟಿಗಳ ವಿಳಾಸಗಳನ್ನು ಜೋಡಿಗಳಾಗಿ ಪರೀಕ್ಷಿಸಿ, ಕೆಲಸ ಮಾಡಿದವುಗಳಲ್ಲಿ ಉತ್ತಮವಾದುದನ್ನು ಆರಿಸಲಾಗುತ್ತದೆ. ಇಬ್ಬರೂ ಒಂದೇ ಮನೆಯಲ್ಲಿದ್ದರೆ ಖಾಸಗಿ ವಿಳಾಸವೇ ಸಾಕಾಗುತ್ತದೆ. ಬೇರೆ ದಾರಿಯಿಲ್ಲದಾಗ ಮಾತ್ರ ಟರ್ನ್ ಬಳಕೆಯಾಗುತ್ತದೆ. ಕರೆಯ ನಡುವೆ ಫೋನು ವೈಫೈಯಿಂದ ಮೊಬೈಲ್ ಡೇಟಾಕ್ಕೆ ಬದಲಾದರೆ ಈ ಪರೀಕ್ಷೆಯನ್ನು ಮತ್ತೆ ನಡೆಸಬಹುದು. ಐಸ್ 2010ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 5245 ಆಗಿ, ಪರಿಷ್ಕೃತ ರೂಪದಲ್ಲಿ 2018ರ ಜುಲೈನಲ್ಲಿ ಆರ್‌ಎಫ್‌ಸಿ 8445 ಆಗಿ ಪ್ರಕಟವಾಯಿತು. ಬ್ರೌಸರ್‌ನಲ್ಲಿಯೇ ಕರೆ ಮಾಡಲು ನೆರವಾಗುವ ವೆಬ್‌ಆರ್‌ಟಿಸಿ ತಂತ್ರಜ್ಞಾನವು ಐಸ್ ಅನ್ನು ಕಡ್ಡಾಯವಾಗಿ ಬಳಸುತ್ತದೆ. ಗೂಗಲ್ 2011ರಲ್ಲಿ ಮುಕ್ತ ಆಕರವಾಗಿ ಬಿಡುಗಡೆ ಮಾಡಿದ ಈ ತಂತ್ರಜ್ಞಾನ 2021ರ ಜನವರಿಯಲ್ಲಿ ವಿಶ್ವ ವ್ಯಾಪಕ ಜಾಲ ಒಕ್ಕೂಟದ ಅಧಿಕೃತ ಶಿಫಾರಸಾಯಿತು.

ರೂಟರ್‌ನಲ್ಲಿ ಪೋರ್ಟ್ ತೆರೆಯುವುದು

ಹೊರಗಿನಿಂದ ನಿರ್ದಿಷ್ಟ ಪೋರ್ಟಿಗೆ ಬರುವ ಪ್ಯಾಕೆಟ್‌ಗಳನ್ನು ಮನೆಯ ನಿರ್ದಿಷ್ಟ ಸಾಧನಕ್ಕೆ ಕಳುಹಿಸುವಂತೆ ರೂಟರ್‌ನಲ್ಲಿ ಮೊದಲೇ ಸೂಚಿಸಬಹುದು. ಇದನ್ನು ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಯುಪಿಎನ್‌ಪಿ, ನ್ಯಾಟ್-ಪಿಎಂಪಿ ಮತ್ತು 2013ರಲ್ಲಿ ಪ್ರಕಟವಾದ ಪಿಸಿಪಿ ಶಿಷ್ಟತೆಗಳ ಮೂಲಕ ತಂತ್ರಾಂಶವೇ ರೂಟರ್‌ಗೆ ಈ ಕೋರಿಕೆಯನ್ನು ಸಲ್ಲಿಸಬಹುದು. ಐಸ್ ಬಳಸುವ ಇಂದಿನ ಕರೆ ತಂತ್ರಾಂಶಗಳಿಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಮನೆಯಲ್ಲಿಯೇ ಎಸ್‌ಐಪಿ ಅಥವಾ ಟರ್ನ್ ಸರ್ವರ್ ನಡೆಸುವವರಿಗೆ ಮಾತ್ರ ಇದು ಬೇಕಾಗುತ್ತದೆ.

ಅನೇಕ ರೂಟರ್‌ಗಳಲ್ಲಿ ಎಸ್‌ಐಪಿ ಎಎಲ್‌ಜಿ ಎಂಬ ಸೌಲಭ್ಯವಿರುತ್ತದೆ. ಇದು ಎಸ್‌ಐಪಿ ಸಂದೇಶದ ಒಳಗಿನ ವಿಳಾಸವನ್ನು ತಾನೇ ತಿದ್ದುತ್ತದೆ. ಕರೆ ತಂತ್ರಾಂಶವೂ ಅದೇ ತಿದ್ದುಪಡಿಯನ್ನು ಮಾಡಿದ್ದರೆ ಎರಡೂ ಸೇರಿ ಸಂದೇಶ ಕೆಡುತ್ತದೆ. ಹೀಗಾಗಿ ಏಕಮುಖ ಧ್ವನಿಯ ದೋಷ ಕಂಡಾಗ ಈ ಸೌಲಭ್ಯವನ್ನು ನಿಲ್ಲಿಸಿ ನೋಡುವುದು ವಾಡಿಕೆ.

ಸೇವಾದಾರರ ಮಟ್ಟದ ನ್ಯಾಟ್

ವಿಳಾಸಗಳ ಕೊರತೆ ಹೆಚ್ಚಿದಂತೆ ಅಂತರಜಾಲ ಸೇವಾದಾರರು ಮನೆಗೊಂದು ಸಾರ್ವಜನಿಕ ವಿಳಾಸ ಕೊಡುವುದನ್ನೂ ಕಡಿಮೆ ಮಾಡಿದರು. ಅನೇಕ ಮನೆಗಳ ರೂಟರ್‌ಗಳಿಗೆ ಖಾಸಗಿ ವಿಳಾಸಗಳನ್ನೇ ನೀಡಿ, ತಮ್ಮ ಜಾಲದಲ್ಲಿ ಮತ್ತೊಮ್ಮೆ ಪರಿವರ್ತನೆ ಮಾಡತೊಡಗಿದರು. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಇದಕ್ಕಾಗಿ 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 6598 ಮೂಲಕ ಮೀಸಲಿರಿಸಲಾಯಿತು.

ಸಿಜಿನ್ಯಾಟ್ ಇರುವಲ್ಲಿ ಮನೆಯ ರೂಟರ್‌ನಲ್ಲಿ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಎರಡನೆಯ ಬಾಗಿಲು ಸೇವಾದಾರರ ಬಳಿ ಮುಚ್ಚಿಯೇ ಇರುತ್ತದೆ, ಅದರ ಕೀಲಿ ಬಳಕೆದಾರರ ಕೈಯಲ್ಲಿರುವುದಿಲ್ಲ. ರೂಟರ್‌ನ ಸ್ಥಿತಿ ಪುಟದಲ್ಲಿ ತೋರುವ ಡಬ್ಲ್ಯೂಎಎನ್ ವಿಳಾಸವನ್ನು, ವಿಳಾಸ ತೋರಿಸುವ ಜಾಲತಾಣದಲ್ಲಿ ಕಾಣುವ ಸಾರ್ವಜನಿಕ ವಿಳಾಸದೊಂದಿಗೆ ಹೋಲಿಸಿ ಇದನ್ನು ಪತ್ತೆ ಮಾಡಬಹುದು. ಎರಡೂ ಒಂದೇ ಆಗಿದ್ದರೆ ಸಾಮಾನ್ಯವಾಗಿ ಮನೆಗೆ ಸ್ವಂತ ಸಾರ್ವಜನಿಕ ವಿಳಾಸವಿದೆ ಎಂದರ್ಥ. ಬೇರೆಯಾಗಿದ್ದರೆ ನಡುವೆ ಮತ್ತೊಂದು ನ್ಯಾಟ್ ಇದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. ಅಂತರಜಾಲದ ಮೂಲಕ ದೂರವಾಣಿ ಕರೆಗೆ 2002ರ ಏಪ್ರಿಲ್ 1ರಿಂದ ಮಿತವಾದ ಅನುಮತಿ ದೊರೆಯಿತು. ಒಂದೇ ಸಂಪರ್ಕವನ್ನು ಹಲವು ಗಣಕಯಂತ್ರಗಳು ಹಂಚಿಕೊಳ್ಳುತ್ತಿದ್ದ ಸೈಬರ್ ಕೆಫೆಗಳು ಅನೇಕರಿಗೆ ನ್ಯಾಟ್‌ನ ಮೊದಲ ಪರಿಚಯದ ತಾಣಗಳಾಗಿದ್ದವು. 2003ರ ಆಗಸ್ಟ್‌ನಲ್ಲಿ ಬಂದ ಸ್ಕೈಪ್, ಸಾರ್ವಜನಿಕ ವಿಳಾಸವಿರುವ ಬಳಕೆದಾರರ ಗಣಕಯಂತ್ರಗಳನ್ನೇ ಮಧ್ಯವರ್ತಿಗಳಾಗಿ ಬಳಸಿ, ಯಾವ ಹೊಂದಾಣಿಕೆಯೂ ಇಲ್ಲದೆ ರೂಟರ್‌ಗಳ ಹಿಂದೆ ಕೆಲಸ ಮಾಡಿತು. ವಿದೇಶದಲ್ಲಿ ನೆಲೆಸಿದ ಮಕ್ಕಳೊಡನೆ ಮಾತನಾಡಲು ಕರ್ನಾಟಕದ ಅನೇಕ ಕುಟುಂಬಗಳು ಇದನ್ನು ಬಳಸಿದವು. ಸ್ಕೈಪ್ ಸೇವೆಯು 2025ರ ಮೇ ತಿಂಗಳಲ್ಲಿ ಮುಕ್ತಾಯಗೊಂಡಿತು.

ಇದಕ್ಕೂ ಮೊದಲು ದೂರದ ಊರುಗಳ ನಡುವಿನ ವಿಡಿಯೊ ಸಂಪರ್ಕಕ್ಕೆ ಪ್ರತ್ಯೇಕ ಮಾರ್ಗವೇ ಬೇಕಾಗಿತ್ತು. 2002ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯ ಮತ್ತು ಚಾಮರಾಜನಗರ ಜಿಲ್ಲಾ ಆಸ್ಪತ್ರೆಗಳ ನಡುವೆ ಇಸ್ರೋ ನೆರವಿನಿಂದ ಆರಂಭವಾದ ದೂರವೈದ್ಯ ಸೇವೆಯು ಉಪಗ್ರಹ ಸಂಪರ್ಕವನ್ನು ಅವಲಂಬಿಸಿತ್ತು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಸಂದರ್ಭದಲ್ಲಿ ಇ-ಸಂಜೀವಿನಿ ಹೊರರೋಗಿ ಸೇವೆ ಆರಂಭವಾದಾಗ, ರೋಗಿಯು ಮನೆಯ ಸಾಮಾನ್ಯ ಅಂತರಜಾಲ ಸಂಪರ್ಕದಿಂದಲೇ ವೈದ್ಯರನ್ನು ಕಾಣುವಂತಾಯಿತು. ಅದೇ ಅವಧಿಯಲ್ಲಿ ಶಾಲಾ ತರಗತಿಗಳು ಮತ್ತು ನ್ಯಾಯಾಲಯದ ವಿಚಾರಣೆಗಳೂ ವಿಡಿಯೊ ಮೂಲಕ ನಡೆದವು. ಹೀಗೆ ರೂಟರ್ ಹಿಂದಿನ ಕರೆಯು ಕುಟುಂಬದ ಮಾತುಕತೆಗಷ್ಟೇ ಸೀಮಿತವಾಗದೆ, ಚಿಕಿತ್ಸೆ, ಶಿಕ್ಷಣ ಮತ್ತು ನ್ಯಾಯ ದೊರೆಯುವ ದಾರಿಯೂ ಆಯಿತು.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಇದಕ್ಕೆ ನಂತರ ಭಾರತ್‌ನೆಟ್ ಎಂದು ಹೆಸರಾಯಿತು. ಫೈಬರ್ ವೇಗವನ್ನು ಒದಗಿಸುತ್ತದೆ. ಆದರೆ ಸಾರ್ವಜನಿಕ ವಿಳಾಸವನ್ನು ತಾನಾಗಿ ಒದಗಿಸುವುದಿಲ್ಲ. ಆದ್ದರಿಂದ ವೇಗ ಸಾಕಷ್ಟಿರುವ ಸಂಪರ್ಕದಲ್ಲಿಯೂ ನ್ಯಾಟ್ ತೊಡಕು ಉಳಿಯಬಹುದು.

ಐಪಿವಿ6

ಆರನೆಯ ಆವೃತ್ತಿಯ ಶಿಷ್ಟತೆಯಾದ ಐಪಿವಿ6ರಲ್ಲಿ ವಿಳಾಸವು 128 ಬಿಟ್‌ಗಳಷ್ಟು ಉದ್ದವಿದ್ದು, ಮನೆಯ ಪ್ರತಿಯೊಂದು ಸಾಧನಕ್ಕೂ ಸ್ವಂತ ಸಾರ್ವಜನಿಕ ವಿಳಾಸ ದೊರೆಯಬಲ್ಲದು. ಭಾರತದ ದೂರಸಂಪರ್ಕ ಇಲಾಖೆಯು ಇದರ ಅಳವಡಿಕೆಗೆ 2010ರಲ್ಲಿ ಮೊದಲ ಮಾರ್ಗಸೂಚಿಯನ್ನೂ 2013ರಲ್ಲಿ ಎರಡನೆಯದನ್ನೂ ಪ್ರಕಟಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಸೇವೆ ಆರಂಭಿಸಿದ ಜಿಯೊ ತನ್ನ ಜಾಲದಲ್ಲಿ ಐಪಿವಿ6 ಅನ್ನು ವ್ಯಾಪಕವಾಗಿ ಬಳಸಿತು. ಇಂದು ಭಾರತದ ಅರ್ಧಕ್ಕಿಂತ ಹೆಚ್ಚು ಬಳಕೆದಾರರಿಗೆ ಐಪಿವಿ6 ಲಭ್ಯವಿದೆ.

ಐಪಿವಿ6ರಲ್ಲಿಯೂ ಗೃಹ ರೂಟರ್‌ನ ಫೈರ್‌ವಾಲ್ ಅಪರಿಚಿತ ಪ್ಯಾಕೆಟ್‌ಗಳನ್ನು ತಡೆಯುತ್ತದೆ. ಆದರೆ ವಿಳಾಸ ಮತ್ತು ಪೋರ್ಟ್ ಬದಲಾಗದ ಕಾರಣ ಹೋಲ್ ಪಂಚಿಂಗ್ ಸುಲಭವಾಗಿ ಫಲಿಸುತ್ತದೆ. ಕರೆಯ ಎರಡೂ ತುದಿಗಳಲ್ಲಿ ಐಪಿವಿ6 ಇದ್ದರೆ ಮಾತ್ರ ಈ ಅನುಕೂಲ ದೊರೆಯುತ್ತದೆ.

ಸುರಕ್ಷತೆ ಮತ್ತು ಖಾಸಗಿತನ

ಕರೆ ಸಾಗದಿದ್ದಾಗ ರೂಟರ್‌ನ ಡಿಎಂಜೆಡ್ ಸೌಲಭ್ಯದಿಂದ ಸಾಧನವೊಂದರ ಎಲ್ಲ ಪೋರ್ಟ್‌ಗಳನ್ನು ತೆರೆಯುವ ಅಥವಾ ಫೈರ್‌ವಾಲ್ ನಿಲ್ಲಿಸುವ ಸಲಹೆಗಳು ಪ್ರಚಲಿತವಾಗಿವೆ. ಇದು ಅಪಾಯಕಾರಿ. 2016ರಲ್ಲಿ ಹರಡಿದ ಮಿರಾಯ್ ಎಂಬ ದುರುದ್ದೇಶಪೂರಿತ ತಂತ್ರಾಂಶವು, ಅಂತರಜಾಲಕ್ಕೆ ತೆರೆದುಕೊಂಡಿದ್ದ ಕ್ಯಾಮೆರಾ ಮತ್ತು ರೂಟರ್‌ಗಳನ್ನು ಅವುಗಳ ಮೂಲ ಗುಪ್ತಪದಗಳಿಂದಲೇ ವಶಪಡಿಸಿಕೊಂಡಿತ್ತು.

ವೆಬ್‌ಆರ್‌ಟಿಸಿ ಕರೆಗಳಲ್ಲಿ ಮಾಧ್ಯಮ ದತ್ತಾಂಶವು ಗೂಢಲಿಪೀಕರಣಗೊಂಡಿರುವುದರಿಂದ, ಅದನ್ನು ಸಾಗಿಸುವ ಟರ್ನ್ ಸರ್ವರ್‌ಗೆ ಮಾತು ಕೇಳಿಸುವುದಿಲ್ಲ. ಆದರೆ ಯಾವ ವಿಳಾಸಗಳ ನಡುವೆ ಎಷ್ಟು ಹೊತ್ತು ಸಂಪರ್ಕ ನಡೆಯಿತೆಂಬುದು ತಿಳಿಯುತ್ತದೆ. ನೇರ ಕರೆಯಲ್ಲಿ ಇದಕ್ಕೆ ಪ್ರತಿಯಾಗಿ, ಮಾತನಾಡುವ ಇಬ್ಬರಿಗೂ ಪರಸ್ಪರರ ಸಾರ್ವಜನಿಕ ವಿಳಾಸ ತಿಳಿಯುತ್ತದೆ. ಅದರಿಂದ ಸ್ಥೂಲವಾಗಿ ಊರನ್ನು ಊಹಿಸಲು ಸಾಧ್ಯ. ಇದನ್ನು ಬಯಸದವರಿಗಾಗಿ ವಾಟ್ಸ್ಆ್ಯಪ್ 2023ರಲ್ಲಿ ಕರೆಗಳನ್ನು ತನ್ನ ಸರ್ವರ್ ಮೂಲಕವೇ ಸಾಗಿಸುವ ಆಯ್ಕೆಯನ್ನು ನೀಡಿತು.

ಸಾಮಾನ್ಯ ದೋಷಗಳು

ಗಂಟೆ ಬಾರಿಸಿ ಮಾತು ಕೇಳಿಸದಿರುವುದು ಅಥವಾ ಒಂದೇ ಕಡೆ ಕೇಳಿಸುವುದು ನ್ಯಾಟ್ ಅಥವಾ ಫೈರ್‌ವಾಲ್ ದೋಷದ ಲಕ್ಷಣ. ಮಾತು ತುಂಡಾಗುವುದು ಮತ್ತು ಚಿತ್ರ ನಿಲ್ಲುವುದು ಹೆಚ್ಚಾಗಿ ವೇಗ, ವೈಫೈ ಅಥವಾ ಪ್ಯಾಕೆಟ್ ನಷ್ಟಕ್ಕೆ ಸಂಬಂಧಿಸಿದವು. ಅದೇ ಫೋನಿನಲ್ಲಿ ಮೊಬೈಲ್ ಡೇಟಾ ಬಳಸಿದಾಗ ಕರೆ ಸರಿಯಾದರೆ, ದೋಷವು ಮನೆಯ ಜಾಲದಲ್ಲಿದೆ ಎಂದು ತಿಳಿಯಬಹುದು.

ಸೇವಾದಾರರು ಕೊಟ್ಟ ಫೈಬರ್ ಮೋಡೆಮ್ ತಾನೇ ರೂಟರ್ ಆಗಿರುವಾಗ, ಅದಕ್ಕೆ ಇನ್ನೊಂದು ವೈಫೈ ರೂಟರ್ ಸೇರಿಸಿದರೆ ಮನೆಯೊಳಗೇ ಎರಡು ನ್ಯಾಟ್‌ಗಳಾಗುತ್ತವೆ. ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಹೊಂದಿಸುವುದು ಅಥವಾ ಮೊದಲನೆಯದನ್ನು ಬ್ರಿಡ್ಜ್ ವಿಧಾನಕ್ಕೆ ಬದಲಾಯಿಸುವುದು ಇದಕ್ಕೆ ಪರಿಹಾರ. ಸಿಜಿನ್ಯಾಟ್ ಇದ್ದು ಹೊರಗಿನಿಂದ ನೇರ ಸಂಪರ್ಕ ಅಗತ್ಯವಾದರೆ, ಐಪಿವಿ6 ಬಳಸುವುದು, ಸೇವಾದಾರರಿಂದ ಸ್ಥಿರ ಸಾರ್ವಜನಿಕ ವಿಳಾಸ ಪಡೆಯುವುದು ಅಥವಾ ಟರ್ನ್ ಇರುವ ಸೇವೆಯನ್ನು ಆರಿಸುವುದು ಉಳಿದ ಮಾರ್ಗಗಳು.

ಇವನ್ನೂ ನೋಡಿ

ಐಪಿ ವಿಳಾಸ
ರೂಟರ್
ಫೈರ್‌ವಾಲ್
ವೆಬ್‌ಆರ್‌ಟಿಸಿ
ಭಾರತ್‌ನೆಟ್